ಕೆಂಪು ಪೆನ್ಸಿಲಿನ ‘ಬಿಡಿ’

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಕೆಲಸಕ್ಕೆ ತಮ್ಮ ಆಯುಷ್ಯದ ಮೂವತ್ತಾರು ವರ್ಷಗಳನ್ನು ಮೀಸಲಿಟ್ಟು, ಎರಡು ಸಂಪುಟಗಳ ಮಹಾನಿಘಂಟನ್ನು ನಮ್ಮ ಕೈಗಿತ್ತು, ಶಾಲೆಯ ಮೇಜಿನಿಂದ ನ್ಯಾಯಾಲಯದ ಮೇಜಿನವರೆಗೆ ಎಲ್ಲೆಲ್ಲೂ ತಮ್ಮ ಹೆಸರು ಕಾಣುವಂತೆ ಮಾಡಿರುವ ನಮ್ಮ ಪ್ರಧಾನ ಸಂಪಾದಕರು ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಿದ್ದಾರೆ. ಕಚೇರಿಯಲ್ಲಿ ನಾವೆಲ್ಲ ಅವರನ್ನು ‘ದೊಡ್ಡವರು’ ಎಂದೇ ಕರೆಯುತ್ತ ಬಂದವರು. ಅವರ ವಿದ್ವತ್ತಿನ ವಿಷಯದಲ್ಲಿ ಎರಡು ಮಾತಿಲ್ಲ. ಉಳಿದ ವಿಷಯಗಳಲ್ಲಿ ಎರಡೆರಡು ಮಾತುಗಳಿವೆ, ಅವುಗಳಲ್ಲಿ ಒಂದನ್ನು ಹೇಳುವುದಕ್ಕೆ ಈ ಲೇಖನವನ್ನು ಬಳಸಿಕೊಳ್ಳುತ್ತಿದ್ದೇನೆ.

ಅಭಿನಂದನ ಸಮಿತಿಯ ಕಾರ್ಯದರ್ಶಿಗಳು ನನಗೆ ಬರೆದ ಪತ್ರ ಬಹಳ ಸೌಜನ್ಯದಿಂದ ಕೂಡಿತ್ತು. ದೊಡ್ಡವರ ಸೇವೆ, ಪಾಂಡಿತ್ಯ, ಮತ್ತು ತಾವು ಕಂಡ ಅವರ ಮಾನವೀಯ ಗುಣಗಳು, ಈ ಮೂರನ್ನೂ ಒಳಗೊಂಡ ಲೇಖನ ಅಭಿನಂದನ ಗ್ರಂಥಕ್ಕೆ ಬೇಕೆಂದೂ, ಎಲ್ಲ ಲೇಖನಗಳನ್ನೂ ಅಚ್ಚಿಗೆ ಮೊದಲು ಸ್ವತಃ ದೊಡ್ಡವರೇ ಒಮ್ಮೆ ಕಣ್ಣಾಡಿಸುವರೆಂದೂ ಅದರಲ್ಲಿತ್ತು. ಆಮೇಲೆ ಫೋನಿನಲ್ಲಿ ಕಾರ್ಯದರ್ಶಿಗಳು, ಹಳೆಯ ಕತೆ ಏನೂ ಎತ್ತುವುದು ಬೇಡ, ಸಂತೋಷದ ಸಮಾರಂಭ, ಎಂದು ಸೇರಿಸಿದರು. ಹಳೆಯ ಕತೆ ಇದೆಯೆಂದು ಅವರಿಗೂ ಗೊತ್ತಿದೆ ಎಂಬುದು ಆಗ ನನಗೆ ಗೊತ್ತಾಯಿತು.

ಮಾನವೀಯ ಗುಣಗಳಿಂದಲೇ ಆರಂಭಿಸುತ್ತೇನೆ, ಯಾಕೆಂದರೆ ಅವು ಸುಳ್ಳಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಕರಡು ತಿದ್ದುವ ಕೆಲಸಕ್ಕೆ ನಾನು ಪರೀಕ್ಷೆ ಬರೆದಾಗ ಹತ್ತು ಪದಗಳಲ್ಲಿ ನಾಲ್ಕಕ್ಕೆ ತಪ್ಪು ಅರ್ಥ ಬರೆದಿದ್ದೆ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ತೋರಿಸುತ್ತಿದ್ದರು. ದೊಡ್ಡವರು ನನ್ನ ಉತ್ತರಪತ್ರಿಕೆಯ ಕೆಳಗೆ, ಪ್ರಶ್ನೆಪತ್ರಿಕೆಯಲ್ಲಿದ್ದ ಒಂದು ಅಚ್ಚಿನ ತಪ್ಪನ್ನು ನಾನು ಗುರುತುಮಾಡಿದ್ದನ್ನು ನೋಡಿ ಗಟ್ಟಿಯಾಗಿ ನಕ್ಕು, ಅರ್ಥ ಕಲಿಸಬಹುದು, ಕಣ್ಣು ಕಲಿಸೋಕಾಗಲ್ಲ ಎಂದು ಹೇಳಿ ಕೆಲಸ ಕೊಟ್ಟರು. ನಾಲ್ಕು ವರ್ಷಗಳ ಮೇಲೆ ನನ್ನ ತಂದೆಗೆ ಪಾರ್ಶ್ವವಾಯು ಹೊಡೆದು ಮೂರು ತಿಂಗಳು ಹಾಸಿಗೆ ಹಿಡಿದಾಗ, ನಾನು ಒಂದು ದಿನವೂ ರಜೆ ಹಾಕಬೇಕಾಗದಂತೆ ನೋಡಿಕೊಂಡವರು ಅವರು. ಕರಡಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ನಮ್ಮ ಮನೆಯಿದ್ದ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಗೆ ತಾವೇ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ನಾನು ಸ್ನಾನ ಮುಗಿಸಿ ಎರಡು ತುತ್ತು ತಿನ್ನುವವರೆಗೆ ಅಪ್ಪನ ಪಕ್ಕ ಕೂತು ಅವರಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದರು. ಅಪ್ಪನ ಬಾಯಿಂದ ಮತ್ತೆ ಮೊದಲು ಹೊರಟ ಪದ ‘ಓದಿ’ ಎಂಬುದು. ಇದನ್ನು ನಾನು ಹೇಗೆ ಮರೆಯಲಿ? ಮರೆತಿದ್ದರೆ ಈ ಲೇಖನ ಎಂಟು ವರ್ಷಗಳ ಹಿಂದೆಯೇ ಬರೆದಾಗಿರುತ್ತಿತ್ತು.

ಇನ್ನು ಸೇವೆ ಮತ್ತು ಪಾಂಡಿತ್ಯ. ನಮ್ಮ ಕಚೇರಿ ಒಂದು ಹಳೆಯ ಕಟ್ಟಡದ ಎರಡನೆಯ ಅಂತಸ್ತಿನಲ್ಲಿರುವ ಉದ್ದನೆಯ ಕೋಣೆ. ಎರಡು ಗೋಡೆಗಳ ತುಂಬ ಮರದ ಡ್ರಾಯರುಗಳು, ಡ್ರಾಯರುಗಳ ತುಂಬ ಚೀಟಿಗಳು. ಒಂದು ಪದಕ್ಕೆ ಒಂದು ಚೀಟಿ, ಕೆಲವು ಪದಗಳಿಗೆ ನೂರು. ನಾವು ಬರೆದ ಪ್ರತಿಯೊಂದು ಚೀಟಿಯೂ ದೊಡ್ಡವರ ಮೇಜಿಗೆ ಹೋಗಿ, ಅವರ ಕೆಂಪು ಪೆನ್ಸಿಲಿನ ಗುರುತು ಹೊತ್ತು ಮರಳಬೇಕು. ಗುರುತುಗಳು ಮೂರೇ. ಸರಿ ಗುರುತು ಹಾಕಿದ್ದರೆ ನಿಘಂಟಿಗೆ ಹೋಗುತ್ತದೆ. ‘ನೋಡಿ’ ಎಂದು ಬರೆದಿದ್ದರೆ ಮತ್ತೆ ಪರಿಶೀಲಿಸಬೇಕು. ‘ಬಿಡಿ’ ಎಂದು ಬರೆದಿದ್ದರೆ ಅದು ನಿಘಂಟಿಗಿಲ್ಲ. ಕಿಟಕಿಯ ಪಕ್ಕದ ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಬೇಕು. ಆ ಬೀಗದ ಕೀಲಿಕೈ ಕರಡು ತಿದ್ದುವವನ ಹತ್ತಿರ, ಅಂದರೆ ನನ್ನ ಹತ್ತಿರ, ಇರುತ್ತಿತ್ತು. ಕಚೇರಿಗೆ ಬಂದ ಮೊದಲ ದಿನವೇ ಕಲಿಯುವ ಪಾಠ ಇದು. ಚಹಾ ತಂದುಕೊಡುವವರಿಗೂ ಇದು ಗೊತ್ತಿತ್ತು, ಸಕ್ಕರೆ ಬೇಡದವರ ಲೋಟಕ್ಕೆ ಅವರು ‘ಬಿಡಿ ಚಹಾ’ ಎನ್ನುತ್ತಿದ್ದರು.

ಈ ಪಾಠವನ್ನು ನನಗೆ ಹೇಳಿಕೊಟ್ಟವರು ಕ್ರಿಯಾಪದದಕ್ಕ. ಹತ್ತೊಂಬತ್ತು ವರ್ಷ ಇಂಗ್ಲಿಷಿನ ಕ್ರಿಯಾಪದಗಳ ಚೀಟಿಗಳನ್ನು ಒಬ್ಬರೇ ಬರೆದವರಾದ್ದರಿಂದ ಅವರಿಗೆ ಆ ಹೆಸರು. ನಾಮಪದ ಸುಮ್ಮನೆ ಕೂತಿರುತ್ತೆ, ಕ್ರಿಯಾಪದ ಕೈಗೆ ಸಿಗದೆ ಓಡಾಡುತ್ತೆ, ಹಿಡಿಯೋಕೆ ನನ್ನಂಥ ಗಯ್ಯಾಳಿಯೇ ಬೇಕು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಷ್ಟು ವರ್ಷವಾದರೂ ಅವರದು ಕಾಯಂ ಹುದ್ದೆಯಾಗಿರಲಿಲ್ಲ. ವರ್ಷಕ್ಕೊಮ್ಮೆ ಕೆಲಸ ಮುಂದುವರಿಸುವ ಪತ್ರ ಬರಬೇಕು, ಅದಕ್ಕೆ ದೊಡ್ಡವರ ಸಹಿ ಬೀಳಬೇಕು. ನಾನು ಬರೆದ ಚೀಟಿಗಳನ್ನು ಅವರು ಮೊದಲು ನೋಡುತ್ತಿದ್ದರು. ನೋಡಿ ಪ್ರತಿಸಲವೂ ಒಂದೇ ಮಾತು: “ಇನ್ನೊಂದು ಅರ್ಥ ಬಿಟ್ಟಿದ್ದೀಯ.” ಬೈಗುಳದಂತೆ ಕೇಳಿಸಿದರೂ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಿಟ್ಟುಹೋದ ಅರ್ಥವನ್ನು ನಾನೇ ಹುಡುಕುವವರೆಗೆ ಮಾತ್ರ ಅವರು ಹೇಳಿಕೊಡುತ್ತಿರಲಿಲ್ಲ. ನನಗೆ ಕೆಲಸ ಕೊಟ್ಟವರು ದೊಡ್ಡವರು, ಕೆಲಸ ಕಲಿಸಿದವರು ಈ ಅಕ್ಕ.

ಈಗ ‘ಲೆಟ್’ ಎಂಬ ಪದಕ್ಕೆ ಬರುತ್ತೇನೆ. ಇಂಗ್ಲಿಷ್ ಕಲಿಯುವ ಮಗುವಿಗೂ ಗೊತ್ತಿರುವ ಈ ಮೂರಕ್ಷರದ ಕ್ರಿಯಾಪದಕ್ಕೆ ಬಿಡು, ಅವಕಾಶ ಕೊಡು, ಆಗಗೊಡು, ಮನೆಯನ್ನು ಬಾಡಿಗೆಗೆ ಕೊಡು ಎಂಬ ಅರ್ಥಗಳಿವೆ. ಆದರೆ ಇದೇ ಕಾಗುಣಿತದಲ್ಲಿ ಇನ್ನೊಂದು ‘ಲೆಟ್’ ಇದೆ. ಅದರ ಅರ್ಥ ತಡೆ, ಅಡ್ಡಿಮಾಡು. ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ ಪದಗಳು, ಬೇರೆ ಬೇರೆ ಉಚ್ಚಾರ. ಕಾಲ ಕಳೆದಂತೆ ಬಾಯಿಯಲ್ಲಿ ಸವೆದು ಸವೆದು ಎರಡೂ ಒಂದೇ ರೂಪಕ್ಕೆ ಬಂದವು, ಬೇರೆ ಬೇರೆ ಮನೆಯಲ್ಲಿ ಹುಟ್ಟಿದ ಇಬ್ಬರಿಗೆ ಒಂದೇ ಮುಖ ಬಂದಂತೆ. ಅಡ್ಡಿ ಎಂಬ ಲೆಟ್ ಈಗ ಹೆಚ್ಚುಕಡಿಮೆ ಸತ್ತುಹೋಗಿದೆ. ಟೆನಿಸ್ ಆಟದಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದಾಗ ಕೂಗುವ ‘ಲೆಟ್’ನಲ್ಲಿ, ಮತ್ತು ಹಳೆಯ ದಸ್ತಾವೇಜುಗಳ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಎಂಬ ಮಾತಿನಲ್ಲಿ ಅದು ಉಸಿರಾಡುತ್ತಿದೆ. ತಡೆಯಾಗಲಿ ಅಡ್ಡಿಯಾಗಲಿ ಇಲ್ಲದೆ ಎಂದು ಅದರ ಅರ್ಥ.

ಅಕ್ಕ ಇದನ್ನೆಲ್ಲ ಒಂದು ಚೀಟಿಯಲ್ಲಿ, ಗುಂಡು ಅಕ್ಷರಗಳಲ್ಲಿ, ಎರಡು ಪ್ರತ್ಯೇಕ ಪದಗಳೆಂದು ಸಂಖ್ಯೆ ಹಾಕಿ ಬರೆದರು. ದೊಡ್ಡವರು ಮಾತ್ರ ತಮ್ಮ ಯೌವನದಲ್ಲಿ ಹೊರತಂದಿದ್ದ ಚಿಕ್ಕ ನಿಘಂಟಿನಲ್ಲಿ ಇದನ್ನು ಒಂದೇ ಪದವೆಂದು ಕೊಟ್ಟು, ಆ ದಸ್ತಾವೇಜಿನ ಮಾತಿಗೆ ‘ಅನುಮತಿಯಾಗಲಿ ಅಡ್ಡಿಯಾಗಲಿ ಇಲ್ಲದೆ’ ಎಂದು ಬರೆದಿದ್ದರು. ಆ ಚಿಕ್ಕ ನಿಘಂಟಿಗೆ ಅವರಿಗೆ ಬಹುಮಾನ ಬಂದಿತ್ತು. ಚೀಟಿ ಹಿಂದಕ್ಕೆ ಬಂತು. ಅದರ ಮೇಲೆ ಅಡ್ಡಡ್ಡವಾಗಿ, ಕೆಂಪಾಗಿ, ‘ಬಿಡಿ’.

ಅಕ್ಕ ಮೂರು ಸಲ ಆ ಚೀಟಿಯನ್ನು ಹೊತ್ತುಕೊಂಡು ಅವರ ಕೋಣೆಗೆ ಹೋದರು. ಮೂರನೆಯ ಸಲ ನಾನೂ ಅಲ್ಲಿದ್ದೆ. ಓದುವವರಿಗೆ ಯಾಕೆ ಗೊಂದಲ, ಒಂದೇ ಸ್ಪೆಲ್ಲಿಂಗಿಗೆ ಒಂದೇ ಪದ ಸಾಕು ಎಂದರು ದೊಡ್ಡವರು. ತಪ್ಪು ಅರ್ಥ ಕೊಡುವುದಕ್ಕಿಂತ ಗೊಂದಲ ವಾಸಿ ಎಂದರು ಅಕ್ಕ. ದೊಡ್ಡವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅವರಿಗೆ ಅತ್ಯಂತ ಪ್ರಿಯವಾದ ಮಾತನ್ನು ಅತ್ಯಂತ ಮೆಲುದನಿಯಲ್ಲಿ ಹೇಳಿದರು: “ಹೋಗಲಿ ಬಿಡಿ ಅಮ್ಮ. ಈ ಪದಾನ ಯಾರು ನೋಡ್ತಾರೆ?” ಅಕ್ಕ ಚೀಟಿಯನ್ನು ತಂದು ಕೆಳಗಿನ ಡ್ರಾಯರಿಗೆ ಹಾಕಿದರು. ನಾನು ಬೀಗ ಹಾಕಿದೆ.

ನೋಡಿದವರು ಇದ್ದರು. ಮಹಾನಿಘಂಟು ಬಿಡುಗಡೆಯಾದ ಮರುವರ್ಷ, ಅಣ್ಣತಮ್ಮಂದಿರ ಎರಡು ಮನೆಗಳ ನಡುವಿನ ಒಂದು ಓಣಿಯ ವ್ಯಾಜ್ಯ ನ್ಯಾಯಾಲಯಕ್ಕೆ ಬಂತು. ತಮ್ಮನ ಪಾಲಿಗೆ ಬಂದ ಮನೆಯವರು ಆ ಓಣಿಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಓಡಾಡತಕ್ಕದ್ದು ಎಂದು ಅಜ್ಜನ ಕಾಲದ ಇಂಗ್ಲಿಷ್ ಪತ್ರದಲ್ಲಿತ್ತು. ಭಾಷಾಂತರ ಮಾಡಿದವರು, ದೊಡ್ಡವರ ಹಳೆಯ ಅರ್ಥವನ್ನೇ ಅಚ್ಚುಹಾಕಿದ್ದ ನಮ್ಮ ನಿಘಂಟನ್ನು ನಂಬಿ ‘ಅನುಮತಿಯಾಗಲಿ ಅಡ್ಡಿಯಾಗಲಿ ಇಲ್ಲದೆ’ ಎಂದು ಬರೆದರು. ಅಣ್ಣನ ವಕೀಲರು ಅದನ್ನೇ ಹಿಡಿದುಕೊಂಡು, ಸ್ವಾಮಿ, ಇವರಿಗೆ ಅನುಮತಿ ಇಲ್ಲವೆಂದು ಪತ್ರವೇ ಹೇಳುತ್ತಿದೆಯಲ್ಲ ಎಂದು ವಾದಿಸಿದರು. ಏಳು ತಿಂಗಳು ಓಣಿಯ ಗೇಟಿಗೆ ಬೀಗ ಬಿತ್ತು. ತಮ್ಮನ ವಯಸ್ಸಾದ ಅತ್ತೆ ಹಿಂದಿನ ಕಾಂಪೌಂಡಿಗೆ ಏಣಿ ಹಾಕಿಕೊಂಡು ಹತ್ತಿ ಇಳಿಯುತ್ತಿದ್ದರಂತೆ. ಕೊನೆಗೆ ನ್ಯಾಯಾಧೀಶರು ಬೇರೆ ನಿಘಂಟನ್ನು ತರಿಸಿ ನೋಡಿ, ತೀರ್ಪಿನಲ್ಲಿ ನಮ್ಮ ನಿಘಂಟಿನ ಬಗ್ಗೆ ಎರಡು ವಾಕ್ಯ ಬರೆದರು. ಆ ಎರಡು ವಾಕ್ಯ ಪತ್ರಿಕೆಗಳಲ್ಲಿ ಬಂದವು. ಆಡಳಿತ ಮಂಡಳಿ ಮೂವರ ವಿಚಾರಣಾ ಸಮಿತಿ ನೇಮಿಸಿತು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ದೊಡ್ಡವರು ನನ್ನನ್ನು ಕೋಣೆಗೆ ಕರೆದು, ಕೂರಿಸಿ, ಚಹಾ ತರಿಸಿದರು. “ಅಪ್ಪ ಈಗ ಕೋಲಿಲ್ದೆ ನಡೀತಾರಾ?” ಎಂದು ಕೇಳಿದರು. ನಡೆಯುತ್ತಾರೆ ಎಂದೆ. ಬಹಳ ಸಂತೋಷಪಟ್ಟರು, ಆ ಸಂತೋಷ ನಿಜವಾದದ್ದೇ ಎಂದು ಇವತ್ತಿಗೂ ನಂಬಿದ್ದೇನೆ. ಆಮೇಲೆ ಕಿಟಕಿಯ ಕಡೆ ನೋಡುತ್ತ, “ನಮ್ಮ ಭಾಷೇಲಿ ‘ಬಿಡು’ಗೆ ಎಷ್ಟೊಂದು ಅರ್ಥ ಅಲ್ವಾ?” ಎಂದರು. ಅಷ್ಟೇ. ಸುಳ್ಳು ಹೇಳು ಎನ್ನಲಿಲ್ಲ. ಅಂಥ ಮಾತು ಅವರ ಬಾಯಿಂದ ಬರುವುದೇ ಇಲ್ಲ, ಅವರು ಅಷ್ಟು ಸಭ್ಯರು. ಅದೇ ದಿನ ಸಂಜೆ ಮೆಟ್ಟಿಲ ಹತ್ತಿರ ಅಕ್ಕ ಸಿಕ್ಕಿದರು. ತಮ್ಮ ಚೀಟಿಯನ್ನು ಅವರು ನನ್ನಿಂದ ಆಗಲೇ ತೆಗೆಸಿಟ್ಟುಕೊಂಡಿದ್ದರು. ನಾಳೆ ಕೇಳಿದರೆ ಆ ಡ್ರಾಯರನ್ನು ತೆಗೆದು ತೋರಿಸು, ಅಷ್ಟು ಸಾಕು ಎಂದರು. ಆಯಿತು ಎಂದು ನಾನು ತಲೆ ಆಡಿಸಿದೆ.

ಮರುದಿನ ವಿಚಾರಣಾ ಸಮಿತಿಯ ಉದ್ದನೆಯ ಮೇಜಿನ ಮೇಲೆ ಚೀಟಿಯನ್ನಿಟ್ಟು, ತಪ್ಪನ್ನು ತಾನು ಮೊದಲೇ ತಿದ್ದಿದ್ದೆನೆಂದೂ ತಿದ್ದುಪಡಿಯನ್ನು ಪ್ರಧಾನ ಸಂಪಾದಕರೇ ತೆಗೆದುಹಾಕಿಸಿದರೆಂದೂ ಅಕ್ಕ ಹೇಳಿದರು. ದೊಡ್ಡವರು ಆ ಚೀಟಿಯನ್ನು ಕೈಗೆತ್ತಿಕೊಂಡು, ಮೊದಲ ಸಲ ನೋಡುವವರಂತೆ ನೋಡಿ, ವಿಷಾದದಿಂದ ತಲೆಯಾಡಿಸಿದರು. “ನಾನು ‘ಬಿಡಿ’ ಅಂತ ಬರ್ದಿದ್ದೀನಿ, ನಿಜ. ಅಂದ್ರೆ ಹೀಗೇ ಇರಲಿ ಬಿಡಿ ಅಂತ. ಇವರು ತೆಗೆದುಹಾಕಿ ಅಂತ ತಿಳ್ಕೊಂಡ್ರೆ ನಾನೇನು ಮಾಡ್ಲಿ?” ಎಂದರು. ಹತ್ತೊಂಬತ್ತು ವರ್ಷ ಪದಗಳ ಅರ್ಥ ಬರೆದ ಹೆಂಗಸಿಗೆ ಎರಡಕ್ಷರದ ಕನ್ನಡ ಪದ ಅರ್ಥವಾಗಲಿಲ್ಲವೆಂದು ಆ ಮೇಜಿನ ಮೇಲೆ ತೀರ್ಮಾನವಾಗುವುದರಲ್ಲಿತ್ತು. ಸಮಿತಿಯ ಹಿರಿಯರು ನನ್ನ ಕಡೆ ತಿರುಗಿ, ನಿಮ್ಮ ಕಚೇರಿಯಲ್ಲಿ ‘ಬಿಡಿ’ ಎಂದರೆ ಏನು ಎಂದು ಕೇಳಿದರು.

“ಎರಡೂ ಅರ್ಥ ಇದೆ, ಸರ್,” ಎಂದೆ.

ನಿಘಂಟಿನ ಪ್ರಕಾರ ಅದು ಸರಿಯಾದ ಉತ್ತರ. ಯಾವ ಪರೀಕ್ಷೆಯಲ್ಲಿ ಬರೆದರೂ ಪೂರ್ತಿ ಅಂಕ ಸಿಗುತ್ತದೆ. ಆ ಡ್ರಾಯರನ್ನು ತೆಗೆಸಿ ನೋಡಿ ಎಂದು ಅಕ್ಕ ಅಂದರು. ಅದರಲ್ಲೇನಿದೆ ಎಂದು ಹಿರಿಯರು ನನ್ನನ್ನು ಕೇಳಿದರು. ಹಳೆಯ ಚೀಟಿಗಳು ಸರ್ ಎಂದೆ. ನಾಲ್ಕು ಸಾವಿರ ಚೀಟಿಗಳು, ಒಂದೊಂದರ ಮೇಲೂ ಅದೇ ಕೈಯ ಕೆಂಪು ‘ಬಿಡಿ’, ಒಂದೂ ನಿಘಂಟಿನಲ್ಲಿಲ್ಲ ಎಂದು ಹೇಳಲಿಲ್ಲ. ಕೀಲಿಕೈ ನನ್ನ ಅಂಗಿಯ ಜೇಬಿನಲ್ಲಿತ್ತು. ಕೈ ಎತ್ತಿದ್ದರೆ ಸಾಕಿತ್ತು, ಎತ್ತಲಿಲ್ಲ. ಮೂರು ತಿಂಗಳು ಅಪ್ಪನಿಗೆ ಪತ್ರಿಕೆ ಓದಿದ ದನಿ ಕಿವಿಯಲ್ಲಿತ್ತು ಎಂದು ಹೇಳಿಕೊಳ್ಳಬಹುದು. ಹೆದರಿಕೊಂಡಿದ್ದೆ ಎಂಬುದೂ ಅಷ್ಟೇ ನಿಜ. ನಾಚಿಕೆಗೇಡಿನ ಕೆಲಸ ಮಾಡಿದೆ, ಅದಕ್ಕೆ ಬೇರೆ ಪದ ಹುಡುಕುವುದಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಅಕ್ಕ ಪೆನ್ನಿಗೆ ಮುಚ್ಚಳ ಹಾಕುತ್ತ ನಿಂತಿದ್ದರು. ಅಳುತ್ತಿರಲಿಲ್ಲ. ನನ್ನನ್ನು ನೋಡಿ, ಚೀಟಿ ತಿದ್ದುವಾಗಿನ ಅದೇ ದನಿಯಲ್ಲಿ, “ಪರವಾಗಿಲ್ವೋ. ಇವತ್ತು ಒಂದು ಅರ್ಥಾನೂ ಬಿಡ್ಲಿಲ್ಲ ನೀನು,” ಎಂದರು. ಎಂಟು ವರ್ಷಗಳಲ್ಲಿ ಈ ಮಾತು ನನ್ನ ಕಿವಿಯಲ್ಲಿ ಎಷ್ಟು ಸಲ ಕೇಳಿಸಿದೆಯೋ ಲೆಕ್ಕವಿಲ್ಲ.

ಆ ವರ್ಷ ಅಕ್ಕನಿಗೆ ಪತ್ರ ಬರಲಿಲ್ಲ. ಇಂಗ್ಲಿಷಿನವರು ಯಾರನ್ನಾದರೂ ಕೆಲಸದಿಂದ ತೆಗೆದರೆ ತೆಗೆದೆವು ಎನ್ನುವುದಿಲ್ಲ, ‘ಲೆಟ್ ಗೋ’ ಮಾಡಿದೆವು ಎನ್ನುತ್ತಾರೆ, ಪಂಜರದ ಹಕ್ಕಿಯನ್ನು ಹಾರಲು ಬಿಟ್ಟವರ ಹಾಗೆ. ನಮ್ಮ ಕಚೇರಿಯೂ ಹಾಗೆಯೇ ಬಿಟ್ಟಿತು. ಮುಂದಿನ ಮುದ್ರಣದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಇರಲಿಲ್ಲ. ವಿಚಾರಿಸಿದವರಿಗೆ ಕಣ್ತಪ್ಪಿನಿಂದ ಬಿಟ್ಟುಹೋಗಿದೆ ಎಂದು ಹೇಳಲಾಯಿತು. ಅವರ ಮೇಜು, ಕುರ್ಚಿ, ಕ್ರಿಯಾಪದಗಳು ನನ್ನ ಪಾಲಿಗೆ ಬಂದವು. ಬಡ್ತಿಯ ಆದೇಶವನ್ನು ಕೈಗಿಡುತ್ತ ದೊಡ್ಡವರು ನನ್ನ ಬೆನ್ನು ತಟ್ಟಿದರು. ಅವರ ಔದಾರ್ಯದ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕಾದದ್ದು ನ್ಯಾಯ.

ಆ ಕುರ್ಚಿಯಲ್ಲಿ ಕೂತು ನಾನು ‘ಲೆಟ್’ನ ಮೂಲವನ್ನು ಮತ್ತೆ ಕೆದಕಿದೆ. ವಿದ್ವಾಂಸರ ಪ್ರಕಾರ ಬಹಳ ಬಹಳ ಹಿಂದಕ್ಕೆ ಹೋದರೆ ಆ ಎರಡು ಪದಗಳಿಗೂ ಬೇರು ಒಂದೇ. ಆ ಬೇರಿನ ಅರ್ಥ ಸಡಿಲ ಬಿಡು, ಸೋಮಾರಿಯಾಗು. ಹಿಡಿತ ಸಡಿಲ ಬಿಟ್ಟರೆ ಅದು ಅವಕಾಶ. ಸೋಮಾರಿಯಾಗಿ ತಡಮಾಡಿದರೆ ಅದು ಅಡ್ಡಿ. ತಡ ಎಂಬರ್ಥದ ಇಂಗ್ಲಿಷ್ ‘ಲೇಟ್’ ಕೂಡ ಅದೇ ಸಂಸಾರದ ಕೂಸು. ಓದಿ ಮುಗಿಸಿ ಪುಸ್ತಕ ಮುಚ್ಚಿಟ್ಟೆ. ಆ ದಿನ ಆ ಮೇಜಿನೆದುರು ನಾನು ಅನ್ಯಾಯ ಆಗಲೆಂದೂ ಬಯಸಿರಲಿಲ್ಲ, ಆಗದಂತೆ ತಡೆಯಲೂ ಇಲ್ಲ. ಸಡಿಲ ಬಿಟ್ಟು ಕೂತಿದ್ದೆ, ಅಷ್ಟೇ. ಈಗ ಬಾಯಿ ಬಿಡುತ್ತಿರುವುದೂ ಎಂಟು ವರ್ಷ ತಡವಾಗಿ.

ಅಭಿನಂದನ ಸಮಿತಿಯ ಪತ್ರ ಬಂದ ವಾರ ಅಕ್ಕನನ್ನು ಹುಡುಕಿಕೊಂಡು ಹೋದೆ. ಔಷಧಿ ಡಬ್ಬಿಗಳ ಒಳಗಿಡುವ ಸಣ್ಣಕ್ಷರದ ಮಡಿಕೆ ಕಾಗದಗಳನ್ನು ಅಚ್ಚುಮಾಡುವ ಒಂದು ಮುದ್ರಣಾಲಯದಲ್ಲಿ ಅವರು ಕರಡು ನೋಡುತ್ತಾರೆ. ಯಂತ್ರಗಳ ಸದ್ದಿನ ಪಕ್ಕದಲ್ಲಿ, ಗಾಜಿನ ಪುಟ್ಟ ಕೋಣೆ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ಇಲ್ಲಿ ದಿನಕ್ಕೆ ಎರಡು ಅನ್ನೋದು ಇಪ್ಪತ್ತೆರಡು ಆದ್ರೆ ಜನ ಸಾಯ್ತಾರೆ, ಅಲ್ಲಿ ಪದ ಮಾತ್ರ ಸಾಯ್ತಿತ್ತು, ಎಂದು ನಕ್ಕರು. ಅಪ್ಪನನ್ನು ವಿಚಾರಿಸಿದರು. ಹೋದ ವರ್ಷ ತೀರಿಕೊಂಡರು ಎಂದೆ. ಅಭಿನಂದನ ಗ್ರಂಥದ ವಿಷಯ ಹೇಳಿದೆ. ತಪ್ಪಾಯಿತು ಅಕ್ಕಾ ಎಂದೂ ಹೇಳಿದೆ. ಅವರು ಹೋಗಲಿ ಬಿಡು ಎನ್ನಬಹುದೆಂದು ನಾನು ಒಳಗೊಳಗೇ ಕಾಯುತ್ತಿದ್ದದ್ದು ಅವರಿಗೆ ತಿಳಿಯಿತೆಂದು ಕಾಣುತ್ತದೆ.

“ಹೋಗಲಿ ಬಿಡು ಅಂತ ನಾನು ಅನ್ನಲ್ಲಪ್ಪ,” ಎಂದರು. “ಆ ಮಾತು ಅವರದು. ನನ್ನ ಚೀಟಿ ಇದೆಯಾ?”

ಇದೆ ಎಂದೆ. ವಿಚಾರಣೆ ಮುಗಿದ ಮೇಲೆ ಮೇಜಿನ ಮೇಲಿಂದ ಎತ್ತಿಟ್ಟುಕೊಂಡಿದ್ದೆ.

“ಹಾಗಾದ್ರೆ ಅಚ್ಚು ಹಾಕ್ಸು,” ಎಂದು ಹೇಳಿ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡರು. ಹೊರಡು ಎಂದು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಹೀಗಾಗಿ ಈ ಲೇಖನದ ಜೊತೆ ಆ ಚೀಟಿಯ ಛಾಯಾಪ್ರತಿಯನ್ನು ಲಗತ್ತಿಸಿದ್ದೇನೆ. ಅದರಲ್ಲಿರುವ ಗುಂಡು ಅಕ್ಷರ ಅಕ್ಕನದು, ಕೆಂಪಕ್ಷರ ದೊಡ್ಡವರದು. ಕೆಳಗಿನ ಡ್ರಾಯರಿನ ಕೀಲಿಕೈಯನ್ನು ಲಕೋಟೆಯಲ್ಲಿಟ್ಟು ಆಡಳಿತ ಮಂಡಳಿಗೆ ಕಳಿಸಿದ್ದೇನೆ. ನಾಲ್ಕು ಸಾವಿರ ಚೀಟಿಗಳನ್ನು ಎಣಿಸಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ನಾಲ್ಕು ನೋಡಿದರೂ ಸಾಕು. ದೊಡ್ಡವರ ಕುರ್ಚಿ ಮುಂದಿನ ತಿಂಗಳು ನನಗೆ ಬರುವುದೆಂಬ ಮಾತಿತ್ತು. ಇದನ್ನು ಓದಿದ ಮೇಲೆ ಬರಲಿಕ್ಕಿಲ್ಲ. ಕ್ರಿಯಾಪದಗಳ ಕುರ್ಚಿಯೂ ಉಳಿಯುವುದೋ ಇಲ್ಲವೋ.

ಪೂಜ್ಯರಾದ ದೊಡ್ಡವರಿಗೆ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಮನಸಾರೆ ಕೋರುತ್ತೇನೆ. ಅವರ ಕಣ್ಣು ಕೊನೆಯವರೆಗೂ ಚೆನ್ನಾಗಿರಲಿ, ಮುಂದಿನ ಆವೃತ್ತಿಯಲ್ಲಿ ‘ಲೆಟ್’ ಎಂಬುದು ಎರಡು ಪದಗಳಾಗಿ, ಅದನ್ನು ಬರೆದವರ ಹೆಸರಿನೊಂದಿಗೆ ಬಂದರೆ ಅದನ್ನು ಕನ್ನಡಕವಿಲ್ಲದೆ ಓದುವಷ್ಟು ಚೆನ್ನಾಗಿರಲಿ. ಅವರ ಕೈಯೂ ಗಟ್ಟಿಯಾಗಿರಲಿ, ಕೆಂಪು ಪೆನ್ಸಿಲ್ ಹಿಡಿದ ಕೈಗೆ ಬಿಡುವು ಒಗ್ಗುವುದಿಲ್ಲ. ಮೊದಲ ಕೆಲಸವಾಗಿ ಈ ಲೇಖನವೇ ಅವರ ಮೇಜಿಗೆ ಹೋಗುತ್ತಿದೆ. ಓದಿ ಮುಗಿಸಿ ಅವರು ಇದರ ಮೇಲೂ ಅಡ್ಡಡ್ಡವಾಗಿ ‘ಬಿಡಿ’ ಎಂದು ಬರೆಯಬಹುದು. ಹಾಗೆ ಬರೆದರೆ, ಅದರ ಅರ್ಥವೇನೆಂದು ಸಮಿತಿಯವರು ದಯವಿಟ್ಟು ಇನ್ನೊಂದು ಸಲ ನನ್ನನ್ನು ಕೇಳಬೇಕು. ನಮ್ಮ ಕಚೇರಿಯಲ್ಲಿ ಆ ಪದಕ್ಕೆ ಒಂದೇ ಅರ್ಥ.